ಟೀ ಶರ್ಟ್ ಬಟ್ಟೆಯಲ್ಲಿ ಮನೆಯಲ್ಲೇ ಡ್ರೆಸ್ ಹೊಲಿಯೋದು: ಬಟ್ಟೆ, ಸೂಜಿ, ಕುತ್ತಿಗೆ ಪಟ್ಟಿ

(ದೃಶ್ಯ: ಮೇಜಿನ ಮೇಲೆ ಒಂದು ತುಂಡು ಕಾಟನ್ ಪಾಪ್ಲಿನ್, ಒಂದು ತುಂಡು ಟೀ ಶರ್ಟ್ ಬಟ್ಟೆ. ಎರಡನ್ನೂ ಅಡ್ಡಕ್ಕೆ ಎಳೆಯುವ ಕೈಗಳು.)

ನಮಸ್ಕಾರ. ಬ್ಲೌಸು, ಚೂಡಿದಾರ ಎಲ್ಲಾ ಸಲೀಸಾಗಿ ಹೊಲಿಯುವವರೂ ಟೀ ಶರ್ಟ್ ಬಟ್ಟೆ ಅಂದ ತಕ್ಷಣ ಹಿಂದೇಟು ಹಾಕ್ತಾರೆ. ಹೊಲಿಗೆ ನಡುನಡುವೆ ತಪ್ಪುತ್ತೆ, ಅಂಚು ಅಲೆ ಅಲೆಯಾಗುತ್ತೆ, ತಲೆಯಿಂದ ಹಾಕ್ಕೊಳ್ಳುವಾಗ ದಾರ ಪಟ್ ಅಂತ ಕಿತ್ತು ಹೋಗುತ್ತೆ. ಹೆಚ್ಚಿನ ಸಲ ಇದಕ್ಕೆ ಕಾರಣ ಕೈಯಲ್ಲ. ಹಿಗ್ಗುವ ಬಟ್ಟೆಯನ್ನ ಹಿಗ್ಗದ ಬಟ್ಟೆಯ ಲೆಕ್ಕದಲ್ಲಿ ಹೊಲಿಯೋಕೆ ಹೋಗ್ತೀವಿ, ಅಷ್ಟೇ. ಈ ಡ್ರೆಸ್ಸಿನಲ್ಲಿ ಹಿಗ್ಗಲೇಬಾರದ ಜಾಗಗಳಿವೆ, ನಾವೇ ಬೇಕೆಂದು ಹಿಗ್ಗಿಸಿ ಹೊಲಿಯುವ ಜಾಗವೂ ಇದೆ. ಅದು ಗೊತ್ತಾದರೆ ಇದು ಬ್ಲೌಸಿಗಿಂತ ಎಷ್ಟೋ ಸುಲಭ. ಡಾರ್ಟ್ ಇಲ್ಲ, ಜಿಪ್ ಇಲ್ಲ, ಹುಕ್ ಇಲ್ಲ, ಲೈನಿಂಗೂ ಇಲ್ಲ.

ಇವತ್ತು ಹೊಲಿಯೋದು ದುಂಡು ಕುತ್ತಿಗೆ, ಗಿಡ್ಡ ತೋಳು, ಮೊಣಕಾಲಿನವರೆಗೆ ಬರುವ ಎ-ಲೈನ್ (ಕೆಳಗೆ ಹೋದ ಹಾಗೆ ಅಗಲವಾಗುವ) ಡ್ರೆಸ್. ಎದೆ ಸುತ್ತಳತೆ 36 ಇಂಚು, ಭುಜದಿಂದ ಉದ್ದ 38 ಇಂಚು ಅಂತ ಇಟ್ಟುಕೊಳ್ಳೋಣ.

ಮೊದಲು ಬಟ್ಟೆ. ಅಂಗಡಿಯಲ್ಲಿ ಜೆರ್ಸಿ ಅಂದರೆ ಅರ್ಥವಾಗದೇ ಇದ್ದರೆ ಹೊಸೈರಿ ಬಟ್ಟೆ, ಟೀ ಶರ್ಟ್ ಬಟ್ಟೆ ಅಂತ ಕೇಳಿ. ತಿರುಪ್ಪೂರಿನ ಕಡೆಯಿಂದ ಬರುವ ಬಟ್ಟೆಯನ್ನ ಎಷ್ಟೋ ಕಡೆ ಮೀಟರ್ ಲೆಕ್ಕದಲ್ಲಿ ಅಲ್ಲ, ಕೆ.ಜಿ. ಲೆಕ್ಕದಲ್ಲಿ ಕೊಡ್ತಾರೆ. ಅದಕ್ಕೆ ಜಿಎಸ್‌ಎಂ ಗೊತ್ತಿರಬೇಕು. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತೆ ಅನ್ನೋದೇ ಜಿಎಸ್‌ಎಂ. 140 ಇದ್ದರೆ ತೆಳು, ಒಳಗಿನದು ಕಾಣುತ್ತೆ, ಅಂಚು ಸುರುಳಿ ಸುತ್ತುತ್ತೆ. ಡ್ರೆಸ್ಸಿಗೆ 180ರಿಂದ 220 ಚೆನ್ನ. ನಮಗೆ ಬೇಕಾಗೋದು 60 ಇಂಚು ಅಗಲದ ಬಟ್ಟೆ ಒಂದೂವರೆ ಮೀಟರ್. 180 ಜಿಎಸ್‌ಎಂ ಆದರೆ ಅದು ಸುಮಾರು 410 ಗ್ರಾಂ ತೂಗುತ್ತೆ.

(ಹತ್ತಿರದ ದೃಶ್ಯ: ಬಟ್ಟೆಯ ಮೇಲ್ಮೈ. ಸಣ್ಣ ಸಣ್ಣ 'ವಿ' ಆಕಾರದ ಸಾಲುಗಳು.)

ಪಾಪ್ಲಿನ್ ನೇಯ್ದದ್ದು, ಇದು ಸ್ವೆಟರಿನ ಹಾಗೆ ಹೆಣೆದದ್ದು. ಹತ್ತಿರದಿಂದ ನೋಡಿ, ಸೀದಾ ಕಡೆ 'ವಿ' ಸಾಲುಗಳು ಉದ್ದಕ್ಕೆ ಇಳಿದಿವೆ. ಉಲ್ಟಾ ಕಡೆ ಅಡ್ಡಡ್ಡ ಗಂಟಿನ ಹಾಗೆ ಕಾಣುತ್ತೆ. ಬಣ್ಣ ಎರಡೂ ಕಡೆ ಒಂದೇ ಥರ ಇದ್ದು ಗೊಂದಲವಾದರೆ, ಅಗಲಕ್ಕೆ ಕತ್ತರಿಸಿದ ಅಂಚನ್ನ ಎಳೆಯಿರಿ. ಅದು ಯಾವ ಕಡೆಗೆ ಸುತ್ತಿಕೊಳ್ಳುತ್ತೋ ಅದೇ ಸೀದಾ ಕಡೆ. ಇಂಟರ್‌ಲಾಕ್ ಅನ್ನುವ ಬಟ್ಟೆ ಎರಡೂ ಕಡೆ ಒಂದೇ ಥರ ಇರುತ್ತೆ, ಸ್ವಲ್ಪ ದಪ್ಪ, ಅಂಚೂ ಸುತ್ತಿಕೊಳ್ಳಲ್ಲ. ಮೊದಲ ಡ್ರೆಸ್ಸಿಗೆ ನಾವು ಹೇಳೋದು ಇಂಟರ್‌ಲಾಕ್.

ಕೊಳ್ಳುವ ಮುಂಚೆ ಅಂಗಡಿಯಲ್ಲೇ ಒಂದು ಪರೀಕ್ಷೆ. ಬಟ್ಟೆಯನ್ನ ಅಡ್ಡಕ್ಕೆ ಮಡಚಿ, 4 ಇಂಚು ಎರಡೂ ಕೈಯಲ್ಲಿ ಹಿಡಿದು ಎಳೆಯಿರಿ. ಜೋರು ಮಾಡದೆ ಐದೂಕಾಲು ಇಂಚಿನವರೆಗೆ ಬರಬೇಕು. ಬಿಟ್ಟಾಗ ಮತ್ತೆ 4 ಇಂಚಿಗೇ ಬರಬೇಕು. ನಾಲ್ಕೂಕಾಲಕ್ಕೇ ನಿಂತರೆ ಆ ಬಟ್ಟೆ ಬೇಡ, ಒಂದು ಗಂಟೆ ಕೂತು ಎದ್ದರೆ ಹಿಂದೆ ಚೀಲದ ಹಾಗೆ ಜೋತು ಬೀಳುತ್ತೆ. 95 ಭಾಗ ಕಾಟನ್, 5 ಭಾಗ ಲೈಕ್ರಾ ಇರುವ ಬಟ್ಟೆ ಚೆನ್ನಾಗಿ ವಾಪಸ್ ಬರುತ್ತೆ.

ತಂದ ಬಟ್ಟೆಯನ್ನ ಒಗೆಯದೆ ಕತ್ತರಿಸಬೇಡಿ. ಕಾಟನ್ ಜೆರ್ಸಿ ಉದ್ದದಲ್ಲೇ ಹೆಚ್ಚು ಕುಗ್ಗೋದು. ನೂರಕ್ಕೆ ಐದರ ಲೆಕ್ಕದಲ್ಲಿ ಕುಗ್ಗಿದರೂ 40 ಇಂಚಿನ ಡ್ರೆಸ್ 38 ಆಗುತ್ತೆ. ಮುಂದೆ ಡ್ರೆಸ್ಸನ್ನ ಹೇಗೆ ಒಗೆಯುತ್ತೀರೋ ಹಾಗೇ ಒಗೆದು, ನೆರಳಲ್ಲಿ ಹರಡಿ ಒಣಗಿಸಿ. ಒದ್ದೆ ಜೆರ್ಸಿಯನ್ನ ಹಗ್ಗಕ್ಕೆ ಉದ್ದಕ್ಕೆ ನೇತು ಹಾಕಿದರೆ ಅದರ ಭಾರಕ್ಕೇ ಜಗ್ಗುತ್ತೆ, ಅಳತೆ ಸುಳ್ಳಾಗುತ್ತೆ.

(ದೃಶ್ಯ: ಎರಡು ಸೂಜಿಗಳ ಮೊನೆ ದೊಡ್ಡದಾಗಿ.)

ಈಗ ಸೂಜಿ. ಇಲ್ಲಿ ಉಳಿತಾಯ ಮಾಡಬೇಡಿ. ಮಾಮೂಲಿ ಸೂಜಿಯ ಚೂಪು ಮೊನೆ ಹೆಣೆದ ಕುಣಿಕೆಗಳನ್ನ ಕತ್ತರಿಸುತ್ತೆ. ಹೊಲಿಯುವಾಗ ಏನೂ ಕಾಣಲ್ಲ, ಒಂದೆರಡು ಸಲ ಒಗೆದ ಮೇಲೆ ಹೊಲಿಗೆಯ ಪಕ್ಕದಲ್ಲಿ ಸಣ್ಣ ಸಣ್ಣ ತೂತು ಬಿಡುತ್ತೆ. ಬಾಲ್ ಪಾಯಿಂಟ್ ಸೂಜಿಯ ಮೊನೆ ದುಂಡಗಿರುತ್ತೆ, ಕುಣಿಕೆಯನ್ನ ಪಕ್ಕಕ್ಕೆ ಸರಿಸಿ ಒಳಗೆ ಹೋಗುತ್ತೆ. ನಂಬರ್ 11 ಅಥವಾ 12 ತಗೊಳ್ಳಿ, ದಪ್ಪ ಬಟ್ಟೆಗೆ 14. ಲೈಕ್ರಾ ಜಾಸ್ತಿ ಇದ್ದರೆ ಸ್ಟ್ರೆಚ್ ಸೂಜಿ ಅಂತಲೇ ಕೇಳಿ.

ಹೊಲಿಗೆ ತಪ್ಪೋದು ಯಾಕೆ ಗೊತ್ತಾ? ಸೂಜಿ ಮೇಲೇಳುವಾಗ ಹಿಗ್ಗುವ ಬಟ್ಟೆಯೂ ಅದಕ್ಕೆ ಅಂಟಿಕೊಂಡು ಮೇಲೇಳುತ್ತೆ. ಆಗ ಸೂಜಿಯ ಹಿಂದೆ ದಾರದ ಕುಣಿಕೆ ಆಗಲ್ಲ, ಮಷೀನಿನ ಕೆಳಗಿರುವ, ದಾರ ಹಿಡಿಯುವ ಹುಕ್ಕಿಗೆ ಏನೂ ಸಿಗಲ್ಲ. ಹಾಗಾಗಿ ಹೊಲಿಗೆ ತಪ್ಪಿದರೆ ಟೆನ್ಶನ್ (ದಾರದ ಬಿಗಿ) ತಿರುಗಿಸುವ ಮೊದಲು ಸೂಜಿ ಬದಲಾಯಿಸಿ.

ದಾರ ಪಾಲಿಯೆಸ್ಟರ್ ಇರಲಿ, ಕಾಟನ್ ದಾರ ಹಿಗ್ಗಲ್ಲ, ಬೇಗ ಕಿತ್ತು ಹೋಗುತ್ತೆ. ಜಿಗ್‌ಜಾಗ್ ಇರುವ ಮಷೀನಾದರೆ ಅಗಲ ಅರ್ಧದಿಂದ 1 ಮಿ.ಮೀ., ಉದ್ದ ಎರಡೂವರೆ ಮಿ.ಮೀ. ಇಡಿ. ನೋಡೋಕೆ ಹೆಚ್ಚುಕಮ್ಮಿ ನೇರ ಹೊಲಿಗೆಯೇ, ಆದರೆ ಬಟ್ಟೆ ಜೊತೆ ಹಿಗ್ಗುತ್ತೆ. ನೇರ ಹೊಲಿಗೆ ಮಾತ್ರ ಬರುವ ಕಪ್ಪು ಮಷೀನು ಇರುವವರು ಬೇಜಾರು ಮಾಡ್ಕೋಬೇಡಿ, ಈ ಡ್ರೆಸ್ ಅದರಲ್ಲೂ ಆಗುತ್ತೆ. ಹೊಲಿಗೆ 2 ಮಿ.ಮೀ.ಗೆ ಇಡಿ, ಮಷೀನಿನ ಪಾದದ ಹಿಂದೆ ಮುಂದೆ ಬಟ್ಟೆಯನ್ನ ಹಿಡಿದು ಸ್ವಲ್ಪವೇ ಸ್ವಲ್ಪ ಬಿಗಿ ಮಾಡಿ ಹೊಲಿಯಿರಿ. ಪಕ್ಕದ ಹೊಲಿಗೆಗಳು ಉದ್ದಕ್ಕೆ ಹೋಗೋದರಿಂದ ಅವು ಹೆಚ್ಚು ಹಿಗ್ಗಬೇಕಾಗಿಲ್ಲ.

ಇನ್ನೊಂದು, ಎಲ್ಲರೂ ಮರೆಯೋದು: ಪಾದದ ಒತ್ತಡ. ಪಾದ ಬಲವಾಗಿ ಒತ್ತಿದರೆ ಮೇಲಿನ ಪದರ ಮುಂದಕ್ಕೆ ತಳ್ಳಿಸಿಕೊಂಡು ಹಿಗ್ಗುತ್ತೆ, ಆ ಹಿಗ್ಗಿದ್ದೇ ಹೊಲಿಗೆಯಲ್ಲಿ ಅಲೆಯಾಗಿ ನಿಲ್ಲುತ್ತೆ. ಕಪ್ಪು ಮಷೀನಿನಲ್ಲಿ ಪಾದದ ಕಂಬಿಯ ತಲೆಯ ಮೇಲೆ ತಿರುಪು ಇದೆ, ಒಂದೆರಡು ಸುತ್ತು ಸಡಿಲ ಮಾಡಿ. ಒತ್ತಡ ಬದಲಾಯಿಸೋಕೆ ಬರದ ಮಷೀನಾದರೆ ವಾಕಿಂಗ್ ಫುಟ್ (ಮೇಲಿನ ಪದರವನ್ನೂ ಕೆಳಗಿನದರ ಜೊತೆ ಸಮವಾಗಿ ಸಾಗಿಸುವ ಪಾದ) ಹಾಕಿ. ಅದೂ ಇಲ್ಲ ಅಂದರೆ ಬಟ್ಟೆಯ ಕೆಳಗೆ ತೆಳು ಬಿಳಿ ಕಾಗದ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯಿರಿ. ನ್ಯೂಸ್ ಪೇಪರ್ ಬೇಡ, ಮಸಿ ಹತ್ತುತ್ತೆ.

(ದೃಶ್ಯ: ಕಾಗದದ ಮೇಲೆ ಉದ್ದಕ್ಕೆ ಮಡಚಿದ ಟೀ ಶರ್ಟ್, ಸುತ್ತ ಪೆನ್ಸಿಲ್ ಗೆರೆ.)

ಅಳತೆಗೆ ನಿಮಗೆ ಸರಿಯಾಗಿ ಕೂರುವ, ಇಷ್ಟೇ ಹಿಗ್ಗುವ ಬಟ್ಟೆಯ ಟೀ ಶರ್ಟ್ ಒಂದು ಸಾಕು. ಎದೆ 36 ಇರುವವರಿಗೆ ಟೀ ಶರ್ಟು ಹಾಸಿ ಅಳೆದಾಗ ಕಂಕುಳಿಂದ ಕಂಕುಳಿಗೆ 19 ಇಂಚು ಬಂದರೆ ಹದವಾದ ಸಡಿಲ. ಅದನ್ನ ಉದ್ದಕ್ಕೆ ಅರ್ಧ ಮಡಚಿ ಕಾಗದದ ಮೇಲಿಟ್ಟು, ಭುಜ, ಆರ್ಮ್‌ಹೋಲ್, ಕಂಕುಳು ಗುರುತು ಮಾಡಿ. ಮುಂದಿನ ಕುತ್ತಿಗೆ, ಹಿಂದಿನ ಕುತ್ತಿಗೆ ಬೇರೆ ಬೇರೆ ಗೆರೆ. ಕಂಕುಳಿನಿಂದ ಕೆಳಗೆ ಓರೆಯಾಗಿ ಇಳಿಸಿ, ಕೆಳ ಅಂಚಿನಲ್ಲಿ ಅರ್ಧ ಭಾಗ (ಮಡಿಕೆಯಿಂದ ಪಕ್ಕದವರೆಗೆ) 12 ಇಂಚು ಬರಲಿ. ಸೊಂಟದ ಕೆಳಗಿನ ಸುತ್ತಳತೆ 38 ಇದ್ದರೆ, ಆ ಜಾಗದಲ್ಲಿ ಅರ್ಧ ಭಾಗ ಹತ್ತೂವರೆಗಿಂತ ಕಡಿಮೆ ಆಗಬಾರದು. ಕೆಳ ಅಂಚನ್ನ ಪಕ್ಕದಲ್ಲಿ ಮುಕ್ಕಾಲು ಇಂಚು ಮೇಲಕ್ಕೆ ತಿರುಗಿಸಿ. ನೇರ ಗೆರೆ ಎಳೆದರೆ ಹೊಲಿದ ಮೇಲೆ ಎರಡೂ ಪಕ್ಕ ಮೂಲೆ ಜೋತು ಬೀಳುತ್ತೆ. ಮಾರ್ಜಿನ್ ಅರ್ಧ ಇಂಚು, ಕೆಳ ಮಡಿಕೆಗೆ ಒಂದು ಇಂಚು, ಕುತ್ತಿಗೆಗೆ ಕಾಲು ಇಂಚು.

ಕತ್ತರಿಸುವಾಗ ಬಟ್ಟೆಯ ಎರಡೂ ಅಂಚನ್ನ ನಡುವಿಗೆ ತಂದು ಮಡಚಿ. ಎರಡು ಕಡೆ ಮಡಿಕೆ ಸಿಗುತ್ತೆ, ಒಂದರಲ್ಲಿ ಮುಂಭಾಗ, ಇನ್ನೊಂದರಲ್ಲಿ ಹಿಂಭಾಗ. ತೋಳು, ಕುತ್ತಿಗೆ ಪಟ್ಟಿ ಉಳಿದದ್ದರಲ್ಲಿ. 'ವಿ' ಸಾಲು ಮೇಲಿಂದ ಕೆಳಕ್ಕೆ ಇರಲಿ, ಹಿಗ್ಗೋದು ಮೈ ಸುತ್ತ ಬರಬೇಕು. ಸಾಲು ಓರೆಯಾದರೆ ಒಗೆದ ಮೇಲೆ ಪಕ್ಕದ ಹೊಲಿಗೆ ಮುಂದಕ್ಕೆ ತಿರುಚಿಕೊಳ್ಳುತ್ತೆ. ಬಟ್ಟೆ ಮೇಜಿನಿಂದ ಕೆಳಗೆ ಜೋತಾಡದಿರಲಿ.

ಹೊಲಿಗೆ ಶುರು ಮಾಡೋದು ಭುಜದಿಂದ. ಇಡೀ ಡ್ರೆಸ್ಸಿನ ಭಾರ ಅಲ್ಲೇ ನೇತಾಡುತ್ತೆ, ಇದು ಹಿಗ್ಗಲೇಬಾರದ ಜಾಗ. ಕಾಲು ಇಂಚಿನ ಕಾಟನ್ ಟೇಪನ್ನ ಕಾಗದದ ಭುಜದ ಅಳತೆಗೆ ಕತ್ತರಿಸಿ (ಬಟ್ಟೆಯ ಅಳತೆಗಲ್ಲ, ಅದು ಆಗಲೇ ಹಿಗ್ಗಿರಬಹುದು), ಹೊಲಿಗೆಯ ಜೊತೆಗೇ ಸೇರಿಸಿ ಹೊಲಿಯಿರಿ. ಶುರುವಿನಲ್ಲಿ ಬಟ್ಟೆ ಮಷೀನಿನ ಪ್ಲೇಟಿನ ತೂತಿನೊಳಗೆ ಸಿಕ್ಕಿಕೊಳ್ಳುತ್ತಾ? ಅಂಚಿನಿಂದ ಸ್ವಲ್ಪ ಒಳಗೆ ಶುರು ಮಾಡಿ, ಎರಡೂ ದಾರದ ತುದಿ ಹಿಂದಕ್ಕೆ ಹಿಡಿದಿರಿ.

(ಹತ್ತಿರದ ದೃಶ್ಯ: ಕುತ್ತಿಗೆ ಪಟ್ಟಿಗೆ ನಾಲ್ಕು ಪಿನ್ನು.)

ಈಗ ಕುತ್ತಿಗೆ. ಡ್ರೆಸ್ ಅಂಗಡಿಯದರ ಹಾಗೆ ಕಾಣುತ್ತೋ ಇಲ್ಲವೋ ಅನ್ನೋದು ಇಲ್ಲೇ ನಿರ್ಧಾರ ಆಗೋದು. ಹೊಲಿಗೆ ಬೀಳುವ ಗೆರೆಯ ಮೇಲೆ ಅಳತೆ ಟೇಪನ್ನ ನಿಲ್ಲಿಸಿ ಕುತ್ತಿಗೆಯ ಸುತ್ತಳತೆ ತಗೊಳ್ಳಿ. 23 ಇಂಚು ಬಂತು ಅನ್ನಿ. ಪಟ್ಟಿ ಇದರ 100ಕ್ಕೆ 85 ಭಾಗ ಇರಬೇಕು, ಅಂದರೆ ಹತ್ತೊಂಬತ್ತೂವರೆ, ಜೊತೆಗೆ ಜೋಡಿಸೋಕೆ ಅರ್ಧ ಇಂಚು, ಒಟ್ಟು 20. ಅಗಲ ಒಂದೂವರೆ ಇಂಚು. ಮಡಚಿದಾಗ ಮುಕ್ಕಾಲು, ಹೊಲಿದ ಮೇಲೆ ಕಾಣೋದು ಅರ್ಧ ಇಂಚು. ಕಡಿಮೆ ಹಿಗ್ಗುವ ಬಟ್ಟೆಗೆ 90 ಭಾಗ ಇಡಿ, ರಿಬ್ ಬಟ್ಟೆಯ (ಉದ್ದಕ್ಕೆ ಗೀರು ಗೀರಾಗಿ, ಹೆಚ್ಚು ಹಿಗ್ಗುವಂಥದ್ದು) ಪಟ್ಟಿಯಾದರೆ 80.

ಪಟ್ಟಿಯ ಎರಡು ತುದಿ ಸೇರಿಸಿ ಬಳೆಯಾಗಿಸಿ, ಉದ್ದಕ್ಕೆ ಮಡಚಿ ಇಸ್ತ್ರಿ ಮಾಡಿ. ಪಟ್ಟಿಯನ್ನ ನಾಲ್ಕು ಸಮಭಾಗ ಮಾಡಿ ಪಿನ್ನು ಚುಚ್ಚಿ, ಕುತ್ತಿಗೆಯನ್ನೂ ಹಾಗೇ. ಕುತ್ತಿಗೆಯ ಕಾಲು ಭಾಗ ಭುಜದ ಹೊಲಿಗೆಗೆ ಬರಲ್ಲ, ಅದಕ್ಕಿಂತ ಮುಂದೆ ಬರುತ್ತೆ. ಅದು ಸರಿಯೇ. ಪಿನ್ನಿಗೆ ಪಿನ್ನು ಜೋಡಿಸಿ, ಪಟ್ಟಿಯನ್ನ ಮಾತ್ರ ಎಳೆದು ಕುತ್ತಿಗೆಗೆ ಸಮ ಮಾಡಿ ಹೊಲಿಯಿರಿ. ಕುತ್ತಿಗೆಯನ್ನ ಎಳೆಯಬೇಡಿ. ತಿರುವಿನಲ್ಲಿ ಪಟ್ಟಿಯನ್ನ ಸ್ವಲ್ಪ ಹೆಚ್ಚು, ಹಿಂದಿನ ನೇರ ಭಾಗದಲ್ಲಿ ಕಡಿಮೆ ಎಳೆಯಿರಿ. ಪಟ್ಟಿ ಮೈಗೆ ಕೂರದೆ ಎದ್ದು ನಿಂತರೆ ಉದ್ದ ಜಾಸ್ತಿಯಾಗಿದೆ. ಸುತ್ತ ಸುಕ್ಕು ಬಿದ್ದರೆ ಗಿಡ್ಡವಾಗಿದೆ. ಎರಡಕ್ಕೂ ಬಿಚ್ಚಿ ಬೇರೆ ಪಟ್ಟಿ ಹಾಕೋದೇ ದಾರಿ, ಇಸ್ತ್ರಿಯಿಂದ ಸರಿ ಹೋಗಲ್ಲ.

ತೋಳನ್ನ ಪಕ್ಕ ಸೇರಿಸುವ ಮೊದಲೇ, ಬಟ್ಟೆ ಹಾಸಿದ ಹಾಗೇ ಇಟ್ಟು ಜೋಡಿಸಿ. ಆಮೇಲೆ ತೋಳಿನ ತುದಿಯಿಂದ ಕಂಕುಳು ದಾಟಿ ಕೆಳಗಿನವರೆಗೆ ಒಂದೇ ಹೊಲಿಗೆ. ಜೆರ್ಸಿ ನೂಲು ಬಿಡಲ್ಲ, ಹಾಗಾಗಿ ಓವರ್‌ಲಾಕ್ (ಅಂಚಿಗೆ ದಾರ ಸುತ್ತುವ ಹೊಲಿಗೆ) ಕಡ್ಡಾಯ ಅಲ್ಲ. ಅಚ್ಚುಕಟ್ಟು ಬೇಕು ಅನಿಸಿದರೆ ಸೀರೆಗೆ ಫಾಲ್, ಪಿಕೋ ಮಾಡಿಕೊಡುವ ಅಂಗಡಿಗಳಲ್ಲಿ ಓವರ್‌ಲಾಕ್ ಇದೆಯಾ ಕೇಳಿ.

ಕೆಳ ಅಂಚು ಮಡಚುವ ಮುಂಚೆ ಒಂದು ರಾತ್ರಿ ಹ್ಯಾಂಗರಿಗೆ ಹಾಕಿಡಿ, ಇಳಿಯುವಷ್ಟು ಇಳಿದ ಮೇಲೆ ಅಂಚು ಸಮ ಮಾಡಿ. ಒಂದೇ ಮಡಿಕೆ ಸಾಕು, ಎರಡು ಮಡಚಿದರೆ ದಪ್ಪವಾಗಿ ಹೊರಕ್ಕೆ ಚಾಚುತ್ತೆ. ಜಿಗ್‌ಜಾಗ್ ಮಷೀನಿರುವವರು 4 ಮಿ.ಮೀ. ಅಂತರದ ಸ್ಟ್ರೆಚ್ ಟ್ವಿನ್ ಸೂಜಿ (ಜೋಡಿ ಸೂಜಿ) ಹಾಕಿ ಸೀದಾ ಕಡೆಯಿಂದ ಹೊಲಿದರೆ ಟೀ ಶರ್ಟಿನ ಹಾಗೆ ಎರಡು ಸಾಲು ಬರುತ್ತೆ. ಸಾಲುಗಳ ನಡುವೆ ಬಟ್ಟೆ ಉಬ್ಬಿದರೆ ಮೇಲಿನ ಟೆನ್ಶನ್ ಇಳಿಸಿ. ಕಪ್ಪು ಮಷೀನಿಗೆ ಟ್ವಿನ್ ಸೂಜಿ ಹಾಕಲೇಬೇಡಿ. ಪ್ಲೇಟಿನ ತೂತು ಒಂದೇ ಸೂಜಿಯಷ್ಟು, ಮೊದಲ ಹೊಲಿಗೆಗೇ ಸೂಜಿ ಮುರಿದು ಹಾರುತ್ತೆ. ಅದರಲ್ಲಿ ಎರಡು ಸಲ ನೇರ ಹೊಲಿಗೆ ಹಾಕಿ. ಎ-ಲೈನ್ ಅಂಚು ಅಗಲ ಇರೋದರಿಂದ ನಡೆಯುವಾಗ ಕಿತ್ತು ಹೋಗಲ್ಲ.

ಹೊಲಿದ ಅಂಚು ಸ್ವಲ್ಪ ಅಲೆಯಾಗಿದ್ದರೆ ಸ್ಟೀಮ್ ಕೊಡಿ. ಇಸ್ತ್ರಿಯನ್ನ ಉಜ್ಜಬೇಡಿ, ಇಟ್ಟು ಎತ್ತಿ, ಇಟ್ಟು ಎತ್ತಿ, ಆರುವವರೆಗೆ ಬಟ್ಟೆ ಅಲ್ಲಾಡಿಸಬೇಡಿ. ಅಲೆ ಅಲ್ಪಸ್ವಲ್ಪ ಇದ್ದರೆ ಇದರಲ್ಲೇ ಕೂತುಬಿಡುತ್ತೆ. ಆಮೇಲೂ ಉಳಿದರೆ ಆ ಭಾಗ ಮಾತ್ರ ಬಿಚ್ಚಿ, ಪಾದ ಇನ್ನಷ್ಟು ಸಡಿಲ ಮಾಡಿ, ಕೆಳಗೆ ಕಾಗದ ಇಟ್ಟು ಮತ್ತೆ ಹೊಲಿಯಿರಿ.