ಇಪ್ಪತ್ತೊಂಬತ್ತರ ಮುಂದೆ ಇಪ್ಪತ್ತಹತ್ತು

(ಧಾರವಾಡದಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರ ಎದುರು ಮಾಡಿದ ಉಪನ್ಯಾಸ)

ಗುರುಬಾಂಧವರೇ, ಅಕ್ಕೋರೇ,

ಶಾಲೆ ಶುರುವಾಗಲು ಇನ್ನು ನಾಲ್ಕೇ ದಿನ. ಹೊಸ ಪಾಟಿಚೀಲ ಹಾಕಿಕೊಂಡು, ಅವ್ವನ ಸೀರೆ ಸೆರಗು ಬಿಡದೆ ನಿಮ್ಮ ಬಾಗಿಲಲ್ಲಿ ನಿಲ್ಲುವ ಮಕ್ಕಳನ್ನು ನೆನೆಸಿಕೊಂಡೇ ಇಲ್ಲಿಗೆ ಬಂದಿದ್ದೇನೆ. ಮಗುವಿನ ಬುದ್ಧಿ ಬೆಳೆಯುವ ಬಗ್ಗೆ ಮನೋವಿಜ್ಞಾನಿ ಪಿಯಾಜೆ ಹೇಳಿದ ನಾಲ್ಕು ಹಂತಗಳನ್ನು ನೀವೆಲ್ಲ ಡಿ.ಇಡಿ.ಯಲ್ಲಿ ಬರೆದು ಪಾಸಾದವರು, ಅದನ್ನು ಮತ್ತೆ ಒಪ್ಪಿಸುವುದಿಲ್ಲ. ನನಗೆ ಹೇಳಬೇಕಾದದ್ದು ಒಂದೇ ಮಾತು. ಮಗು ತಪ್ಪು ಉತ್ತರ ಕೊಟ್ಟರೆ ‘ತಪ್ಪು’ ಅನ್ನುವ ಮೊದಲು ‘ಹೆಂಗ ಗೊತ್ತಾತು?’ ಅಂತ ಕೇಳಿ.

ಗದಗ ಜಿಲ್ಲೆಯ ಒಂದು ಹಳ್ಳಿ, ಒಂದನೇ ಇಯತ್ತೆ. ನಾನು ಹಿಂದಿನ ಗೋಡೆಗೆ ಆತು ಕೂತಿದ್ದೆ. ಒಬ್ಬ ಹುಡುಗಿ ಎದ್ದು ಕೈಕಟ್ಟಿ ಎಣಿಸತೊಡಗಿದಳು. ಒಂದೊಂದು ಅಂಕಿಗೂ ಕಾಲಿನ ಹೆಬ್ಬೆರಳು ನೆಲಕ್ಕೆ ತಾಳ ಹಾಕುತ್ತಿತ್ತು. ಇಪ್ಪತ್ತೇಳು, ಇಪ್ಪತ್ತೆಂಟು, ಇಪ್ಪತ್ತೊಂಬತ್ತು. ಬೆರಳು ನಿಂತಿತು. ಕಣ್ಣು ಮೇಲೆ ತೊಲೆಯ ಕಡೆ ಹೋದವು. ಆಮೇಲೆ ಗಟ್ಟಿಯಾಗಿ ‘ಇಪ್ಪತ್ತಹತ್ತು!’ ಅಂದಳು. ಇಡೀ ವರ್ಗ ನಕ್ಕಿತು. ಗುರುಗಳೂ ನಕ್ಕು, ‘ಮೂವತ್ತು, ಹುಚ್ಚಿ! ಕೂಡು’ ಅಂದರು. ಕೂತಳು. ಊಟದ ಗಂಟೆಯವರೆಗೆ ಒಮ್ಮೆಯೂ ಕೈ ಎತ್ತಲಿಲ್ಲ.

ಬಿಸಿಯೂಟದ ಹೊತ್ತಿಗೆ ಹೋಗಿ ಪಕ್ಕದಲ್ಲಿ ಕೂತೆ. ‘ಇಪ್ಪತ್ತಹತ್ತು ಅಂದೆಲಾ, ಹೆಂಗ ಗೊತ್ತಾತವ್ವಾ?’ ಅನ್ನ ಸಾರು ಕಲಸುತ್ತಲೇ ಹೇಳಿದಳು: ‘ಒಂಬತ್ತರ ಮುಂದ ಹತ್ತಲ್ಲೇನ್ರೀ?’ ‘ಅದರ ಮುಂದ?’ ‘ಇಪ್ಪತ್ತಹನ್ನೊಂದು.’ ಒಂದು ಕ್ಷಣವೂ ತಡವರಿಸಲಿಲ್ಲ.

ಸ್ನೇಹಿತರೇ, ಇದನ್ನು ಆಕೆಗೆ ಯಾರು ಕಲಿಸಿದರು? ಇಪ್ಪತ್ತಹತ್ತು ಅನ್ನುವ ಮಾತು ಯಾವ ಪುಸ್ತಕದಲ್ಲೂ ಇಲ್ಲ, ಯಾರ ಬಾಯಿಂದಲೂ ಆಕೆ ಕೇಳಿಲ್ಲ. ಇಪ್ಪತ್ತಕ್ಕೆ ಒಂದು ಸೇರಿದರೆ ಇಪ್ಪತ್ತೊಂದು, ಎರಡು ಸೇರಿದರೆ ಇಪ್ಪತ್ತೆರಡು ಎಂಬ ನಿಯಮವನ್ನು ಆರು ವರ್ಷದ ಜೀವ ತಾನೇ ಅಗೆದು ತೆಗೆದಿದೆ. ಮೂವತ್ತು ಅಂದ ಎಷ್ಟೋ ಮಕ್ಕಳು ಬರೀ ನೆನಪಿನಿಂದ ಅಂದಿರಬಹುದು. ಈಕೆ ಯೋಚಿಸಿ ಅಂದಳು. ನಾವು ಯೋಚನೆಗೆ ನಕ್ಕೆವು.

ಹಾಗಾದರೆ ಮೂವತ್ತು ಕಲಿಸುವುದು ಬೇಡವೇ? ಬೇಕು, ಖಂಡಿತ ಬೇಕು. ಅಂಗಳದಲ್ಲಿ ಬಿದ್ದ ಕಡ್ಡಿ ಆರಿಸಿ ಹತ್ತರ ಕಟ್ಟು ಮಾಡಿದೆವು. ಎರಡು ಕಟ್ಟು ಇಪ್ಪತ್ತು. ಆಕೆಯ ‘ಹತ್ತು’ ಇನ್ನೊಂದು ಕಟ್ಟು. ‘ಎಷ್ಟು ಹತ್ತು ಆದ್ವು?’ ‘ಮೂರು.’ ‘ಮೂರು ಹತ್ತಕ್ಕ ನಮ್ಮ ಹಿರ್ಯಾರು ಮೂವತ್ತು ಅಂದ್ರು.’ ಆ ಮುಖ ನೀವು ನೋಡಬೇಕಿತ್ತು! ‘ನಾಕು ಕಟ್ಟು ಆದ್ರ ನಲವತ್ತು!’ ಅಂತ ನಾನು ಹೇಳುವ ಮೊದಲೇ ಕೂಗಿದಳು. ನಮ್ಮ ಅಂಕಿಗಳ ಹೆಸರಿನಲ್ಲೇ ಲೆಕ್ಕ ಕೂತಿದೆ, ಮಗು ಅದರ ಹೊಸ್ತಿಲಿಗೆ ಬಂದು ನಿಂತಿತ್ತು.

ಮಾತು ಕಲಿಯುವಾಗಲೂ ಹೀಗೆಯೇ. ಮಾಡಿದೆ, ನೋಡಿದೆ, ಆಡಿದೆ ಅಂತ ಕೇಳಿದ ಮಗು ಒಂದು ದಿನ ‘ಅಕ್ಕಗ ಕೊಡಿದೆ’ ಅನ್ನುತ್ತದೆ. ‘ಕೊಟ್ಟೆ’ ಅನ್ನುವುದನ್ನು ಸಾವಿರ ಸಲ ಕೇಳಿದ್ದರೂ ಅನ್ನುತ್ತದೆ. ವ್ಯಾಕರಣ ಒಳಗೆ ಬೇರು ಬಿಟ್ಟಿತು ಅಂತ ತಿಳಿಯಿರಿ, ಸಂತೋಷಪಡಿ. ಇನ್ನು ಮೂರೂವರೆ ವರ್ಷದ ಮಗು ನೆಂಟರ ಮುಂದೆ ಒಂದರಿಂದ ನೂರು ಹಾಡಿದರೆ ಮನೆಯವರು ಕುಣಿದಾಡುತ್ತಾರೆ. ಅದೇ ಮಗುವಿಗೆ ಏಳು ಶೇಂಗಾ ಕೊಡು ಅನ್ನಿ, ಒಂದು ಮುಷ್ಟಿ ತುಂಬಿ ಕೊಟ್ಟರೂ ಕೊಟ್ಟೀತು. ಎಣಿಸಿದ ಕೊನೆಯ ಅಂಕಿಯೇ ಒಟ್ಟು ಎಷ್ಟು ಅನ್ನುವುದನ್ನು ಹೇಳುತ್ತದೆ ಎಂಬ ತಿಳಿವಳಿಕೆ ಹಾಡಿನಿಂದ ಬರುವುದಿಲ್ಲ. ಅದು ಕೈಯಿಂದ ಬರುತ್ತದೆ.

ಪಿಯಾಜೆ ಹುಟ್ಟಿದ್ದು 1896ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ. ಇಪ್ಪತ್ತರ ಹರೆಯದಲ್ಲಿ ಪ್ಯಾರಿಸ್‌ಗೆ ಹೋಗಿ ಶಾಲಾ ಮಕ್ಕಳ ಬುದ್ಧಿ ಪರೀಕ್ಷೆಯ ಕೆಲಸಕ್ಕೆ ಸೇರಿದ. ಸರಿ ಉತ್ತರ ಲೆಕ್ಕ ಹಾಕುವುದು ಅವನ ಕೆಲಸ. ಅವನ ಕಣ್ಣು ಮಾತ್ರ ತಪ್ಪು ಉತ್ತರಗಳ ಮೇಲೆ ನೆಟ್ಟಿತು. ಒಂದೇ ವಯಸ್ಸಿನ ಮಕ್ಕಳು ಒಂದೇ ತರಹ ತಪ್ಪುತ್ತಾರಲ್ಲ, ಯಾಕೆ? ಅವನೂ ಕೇಳಿದ್ದು ನಾನು ಹೇಳುತ್ತಿರುವ ಅದೇ ಪ್ರಶ್ನೆ: ಹೆಂಗ ಗೊತ್ತಾತು?

ಅಗಲ ಲೋಟದ ನೀರನ್ನು ಉದ್ದ ಲೋಟಕ್ಕೆ ಸುರಿದರೆ ‘ಹೆಚ್ಚಾಯಿತು’ ಅನ್ನುತ್ತದೆ ಐದು ವರ್ಷದ ಮಗು. ಅದು ನಿಮಗೆ ಗೊತ್ತು. ನಮ್ಮ ಮನೆಯಲ್ಲಿ ಅದು ನಡೆದದ್ದು ಜೋಳದ ರೊಟ್ಟಿಯ ಮೇಲೆ. ದೊಡ್ಡ ಮೊಮ್ಮಗ ರೊಟ್ಟಿಯನ್ನು ಎರಡು ಮಾಡಿ ಎಣ್ಣೆಗಾಯಿ ಹಚ್ಚಿಕೊಂಡ. ನಾಲ್ಕೂವರೆ ವರ್ಷದ ಮೊಮ್ಮಗಳು ‘ಅಣ್ಣಗ ಎರಡು, ನನಗ ಒಂದು’ ಅಂತ ಗೋಳೋ ಅಂತ ಅಳತೊಡಗಿದಳು. ಅವಳ ಅಜ್ಜಿ ಏನೂ ಮಾತಾಡದೆ ಆಕೆಯ ರೊಟ್ಟಿಯನ್ನೂ ಎರಡು ಹರಿದಳು. ಅಳು ನಿಂತಿತು! ಎರಡೂವರೆ ವರ್ಷ ಕಳೆದ ಮೇಲೆ ಅದನ್ನೇ ನೆನಪಿಸಿದೆ. ‘ಹರಿದ್ರ ರೊಟ್ಟಿ ಹೆಚ್ಚಾಕ್ಕೈತೇನ್ ಅಜ್ಜಾ?’ ಅಂದಳು. ನಡುವೆ ಯಾರೂ ಪಾಠ ಮಾಡಿರಲಿಲ್ಲ. ದಿನಾ ಹರಿದಳು, ಹಂಚಿದಳು, ಜಗಳಾಡಿದಳು, ಅಷ್ಟೇ.

ಆದರೆ ಪಿಯಾಜೆ ಹೇಳಿದ್ದೆಲ್ಲ ಕಲ್ಲಿನ ಮೇಲೆ ಕೊರೆದದ್ದಲ್ಲ. 1974ರಲ್ಲಿ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಎಂಬ ಮನೋವಿಜ್ಞಾನಿಗಳು ಇಂಥದೇ ಪರೀಕ್ಷೆ ಮಾಡಿದರು. ಎರಡು ಸಾಲು ಬಿಲ್ಲೆ. ದೊಡ್ಡವರು ಒಂದು ಸಾಲನ್ನು ಸರಿಸಿ ‘ಈಗ ಸಮ ಇದೆಯೇ?’ ಅಂತ ಕೇಳಿದರೆ ಬಹಳ ಮಕ್ಕಳು ತಪ್ಪಿದರು. ಒಂದು ತುಂಟ ಗೊಂಬೆ ಬಂದು ಸಾಲು ಕೆಡಿಸಿದಂತೆ ಮಾಡಿ ಕೇಳಿದಾಗ ಎಷ್ಟೋ ಮಕ್ಕಳು ಸರಿ ಹೇಳಿದರು. ಯಾಕೆ? ಒಂದು ವಿವರಣೆ ಹೀಗಿದೆ: ದೊಡ್ಡವರು ಬೇಕಂತಲೇ ಸರಿಸಿ ಅದೇ ಪ್ರಶ್ನೆ ಮತ್ತೆ ಕೇಳಿದರೆ, ಉತ್ತರ ಬದಲಿಸಬೇಕೇನೋ ಅಂತ ಮಗು ನಮ್ಮ ಮನಸ್ಸನ್ನು ಓದುತ್ತದೆ.

ದಯವಿಟ್ಟು ಇದನ್ನು ನಿಮ್ಮ ವರ್ಗಕ್ಕೆ ಒಯ್ಯಿರಿ. ‘ಹೌದಾ? ಇನ್ನೊಮ್ಮೆ ನೋಡು’ ಅಂತ ನಾವು ಹುಬ್ಬೇರಿಸಿದ ಕೂಡಲೇ ಮಗು ಸರಿ ಉತ್ತರವನ್ನೂ ಅಳಿಸುತ್ತದೆ. ಪಾಟಿ ಒರೆಸುವ ಆ ಅಂಗೈ ನೀವೆಲ್ಲ ನೋಡಿದ್ದೀರಿ. ಅದಕ್ಕೇ ‘ಹೆಂಗ ಗೊತ್ತಾತು’ ಅನ್ನುವುದನ್ನು ಸರಿ ಉತ್ತರಕ್ಕೂ ಕೇಳಿ. ಬರೀ ತಪ್ಪಿದವರನ್ನೇ ಕೇಳಿದರೆ ಅದೂ ಬೆದರಿಕೆಯಾಗುತ್ತದೆ.

ಅಧ್ಯಕ್ಷರಿಂದ ಚೀಟಿ ಬಂತು, ಐದು ನಿಮಿಷ. ಸೋವಿಯತ್ ಮನೋವಿಜ್ಞಾನಿ ವೈಗೋಟ್ಸ್ಕಿ, ಮಾತೃಭಾಷೆ, ಹನ್ನೆರಡು ದಾಟಿದ ಮಕ್ಕಳ ಬೀಜಗಣಿತ ಅಂತ ಬರೆದುಕೊಂಡು ಬಂದಿದ್ದೆ. ವೈಗೋಟ್ಸ್ಕಿಯದು ಒಂದೇ ಮಾತು ಹೇಳುತ್ತೇನೆ. ಅವನೂ 1896ರಲ್ಲೇ ಹುಟ್ಟಿದವನು, ಕ್ಷಯ ಬಡಿದು 37ಕ್ಕೇ ತೀರಿಕೊಂಡ. ಮಗು ಒಬ್ಬನೇ ಏನು ಮಾಡಬಲ್ಲ ಅನ್ನುವುದರ ಜೊತೆಗೆ, ಬಲ್ಲವರ ಆಸರೆ ಸಿಕ್ಕರೆ ಎಲ್ಲಿಯವರೆಗೆ ಹೋಗಬಲ್ಲ ಅನ್ನುವುದನ್ನೂ ನೋಡಿ ಅಂದ. ನಮ್ಮ ಅಡುಗೆಮನೆಯಲ್ಲಿ ಇದು ದಿನಾ ನಡೆಯುತ್ತದೆ. ಅಜ್ಜಿ ಇಡೀ ಹಿಟ್ಟಿನ ಮುದ್ದೆಯನ್ನು ಹುಡುಗಿಗೆ ಕೊಡುವುದಿಲ್ಲ, ನಿಂಬೆಹಣ್ಣಿನಷ್ಟು ಉಂಡೆ ಕೊಡುತ್ತಾಳೆ. ಅಂಚು ಬಿರಿದರೆ ಒದ್ದೆ ಬೆರಳಲ್ಲಿ ಒತ್ತುತ್ತಾಳೆ. ರೊಟ್ಟಿ ತಿರುಗತೊಡಗಿದ ಮೇಲೆ ಕೈ ಹಿಂದಕ್ಕೆ ತೆಗೆಯುತ್ತಾಳೆ.

ಬೀಜಗಣಿತ ಇವತ್ತು ಆಗುವುದಿಲ್ಲ, ಕ್ಷಮಿಸಿ. ಹೊರಗೆ ಚಹಾದ ಹತ್ತಿರ ಒಂದು ಬುಟ್ಟಿ ಶೇಂಗಾ ಇಟ್ಟಿದ್ದೇವೆ. ಪ್ರತಿಯೊಬ್ಬರೂ ಹನ್ನೆರಡು ಕಾಯಿ ಎಣಿಸಿ ಜೇಬಿಗೆ ಹಾಕಿಕೊಳ್ಳಿ. ಇವತ್ತು ಸಂಜೆ ಮನೆಯಲ್ಲೋ ಓಣಿಯಲ್ಲೋ ಒಂದು ಮಗುವಿನ ಮುಂದೆ ಆರಾರರ ಎರಡು ಸಾಲು ಇಟ್ಟು, ಒಂದನ್ನು ಅಗಲ ಮಾಡಿ ಕೇಳಿ. ಮಗು ಏನು ಅಂದಿತೋ ಅದನ್ನು ಅದರದೇ ಮಾತಿನಲ್ಲಿ, ತಿದ್ದದೆ, ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನಾಳೆ ಹತ್ತು ಗಂಟೆಗೆ ಆ ಚೀಟಿಗಳನ್ನೇ ಓದೋಣ.