ಮನೆಗಿಂತ ಮೊದಲು ಲಾಯರ್ ಹುಡುಕಬೇಕಿತ್ತು

ಮೇಜಿನ ಮೇಲೆ ಈ ನೀಲಿ ಫೈಲ್ ಕಾಣುತ್ತಿದೆಯಲ್ಲ, ಎತ್ತಿ ನೋಡಿದರೆ ಒಂದು ಸೇರು ಅಕ್ಕಿಯಷ್ಟು ಭಾರ ಇದೆ. ನಾವು ಈ ಮನೆ ಕೊಂಡ ಕಥೆ ಪೂರ್ತಿ ಇದರೊಳಗಿದೆ. ಇವತ್ತು ಕಿಚನ್ ಟೂರ್ ತೋರಿಸುತ್ತೇನೆ ಅಂದಿದ್ದೆ. ಅದು ಮುಂದಿನ ವಾರ. ಇವತ್ತು ಲಾಯರ್ ಕಥೆ.

ನಾವಿರುವುದು ಇಂಗ್ಲೆಂಡಿನ ಲೋವರ್ ಅರ್ಲಿಯಲ್ಲಿ. ವಿಳಾಸದಲ್ಲಿ ರೆಡಿಂಗ್ ಅಂತ ಇರುತ್ತದೆ, ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಮಾತ್ರ ವೋಕಿಂಗ್‌ಹ್ಯಾಮ್. ಮಾರ್ಟ್‌ಗೇಜ್ ಹಾಕಿ ಮನೆ ಕೊಳ್ಳುವಾಗ ಇಲ್ಲಿ ಕನ್ವೇಯನ್ಸಿಂಗ್, ಅಂದರೆ ಮನೆಯನ್ನು ನಮ್ಮ ಹೆಸರಿಗೆ ಮಾಡಿಸುವ ಕಾನೂನು ಕೆಲಸ, ಮಾಡುವವರು ಬೇಕೇ ಬೇಕು. ಸಾಲಿಸಿಟರ್ ಆಗಬಹುದು, ಇಲ್ಲ ಲೈಸೆನ್ಸ್ಡ್ ಕನ್ವೇಯನ್ಸರ್ ಆಗಬಹುದು. ಕನ್ವೇಯನ್ಸರ್ ಅಂದರೆ ಈ ಕೆಲಸವನ್ನೇ ಕಲಿತು ಲೈಸೆನ್ಸ್ ಪಡೆದವರು, ಅವರ ಮೇಲೆ ನಿಗಾ ಇಡುವುದಕ್ಕೆ ಅವರದೇ ಬೇರೆ ಸಂಸ್ಥೆ ಇದೆ. ಇದೆಲ್ಲ ಇಂಗ್ಲೆಂಡ್, ವೇಲ್ಸ್‌ಗೆ ಮಾತ್ರ. ಸ್ಕಾಟ್ಲೆಂಡ್ ಪದ್ಧತಿಯೇ ಬೇರೆ. ಎಡಿನ್‌ಬರೋದಲ್ಲಿರುವ ಗೆಳತಿಯರೇ, ನನ್ನ ಮಾತು ಕೇಳಿ ಏನೂ ಮಾಡಬೇಡಿ.

ನಮ್ಮ ಆಫರ್ ಒಪ್ಪಿದ ದಿನವೇ ಎಸ್ಟೇಟ್ ಏಜೆಂಟ್ ಫೋನ್ ಮಾಡಿದರು. "ಲಾಯರ್ ಇದ್ದಾರಾ? ನಮ್ಮ ಕಡೆಯವರು ಇದ್ದಾರೆ, ತುಂಬ ಫಾಸ್ಟ್" ಎಂದರು. ಕೋಟ್ ಬಂತು, 495 ಪೌಂಡ್. ಇವರು "ಅಯ್ಯೋ, ಇಷ್ಟೇನಾ" ಅಂದರು. ನಾನೂ ಸುಮ್ನೆ ಸಹಿ ಹಾಕಿದೆ.

ಆ ಕೋಟ್‌ನ ಎರಡನೇ ಪುಟ ನೋಡಿ. ಬ್ಯಾಂಕಿನ ಪರವಾಗಿ ಕೆಲಸ ಮಾಡುವುದಕ್ಕೆ 150. ಸ್ಟ್ಯಾಂಪ್ ಡ್ಯೂಟಿ ಫಾರ್ಮ್ ತುಂಬುವುದಕ್ಕೆ 95. ಅಪ್ಪ ಕೊಟ್ಟ ದುಡ್ಡಿನ ಪತ್ರ ನೋಡುವುದಕ್ಕೆ 75. ಹಣ ವರ್ಗಾವಣೆಗೆ 35, ಅದು ಎರಡು ಸಲ. ನಾವಿಬ್ಬರೂ ನಾವೇ ಹೌದೋ ಅಲ್ಲವೋ ಅಂತ ನೋಡುವುದಕ್ಕೆ ತಲಾ 15. ಇದರ ಮೇಲೆ 20 ಪರ್ಸೆಂಟ್ ವ್ಯಾಟ್. ಒಟ್ಟು 1,098 ಪೌಂಡ್! ಸರ್ಚ್, ಅಂದರೆ ಮನೆ ಬಗ್ಗೆ ಕೌನ್ಸಿಲ್ ಮುಂತಾದ ಕಡೆ ದಾಖಲೆ ಹುಡುಕಿಸುವ ಖರ್ಚು, ಇದರಲ್ಲಿ ಸೇರಿಲ್ಲ. ಏಜೆಂಟ್‌ಗೆ ಇದರಲ್ಲಿ ಕಮಿಷನ್ ಇದ್ದರೆ ಅವರು ಹೇಳಲೇಬೇಕು. ಹೇಳಿದ್ದರು ಕೂಡ, ನಾಲ್ಕನೇ ಪುಟದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಏಜೆಂಟ್ ಹೇಳಿದ ಲಾಯರನ್ನೇ ಹಿಡಿಯಬೇಕು ಅಂತ ಯಾವ ಕಾನೂನೂ ಇಲ್ಲ. ಅದು ನಮಗೆ ಆಮೇಲೆ ಗೊತ್ತಾಯಿತು.

ದುಡ್ಡು ಹೋದರೂ ಪರವಾಗಿಲ್ಲ, ಕೆಲಸ ಆಗಬೇಕಲ್ಲ. ಫೋನ್ ಮಾಡಿದಾಗಲೆಲ್ಲ ಬೇರೆ ಬೇರೆಯವರು ಎತ್ತುತ್ತಿದ್ದರು. ಮೊದಲು ಫೈಲ್ ನಂಬರ್ ಕೇಳುತ್ತಿದ್ದರು, ಆಮೇಲೆ "ನಿಮ್ಮ ಫೈಲ್ ನೋಡುವವರು ರಜದಲ್ಲಿದ್ದಾರೆ" ಅನ್ನುತ್ತಿದ್ದರು.

ಏಳನೇ ವಾರಕ್ಕೆ ನಿಜವಾದ ಪೆಟ್ಟು ಬಿತ್ತು. ಬ್ಯಾಂಕಿನವರು ಮನೆಗೆ ಕಟ್ಟಿದ ಬೆಲೆ ನಮ್ಮ ಆಫರ್‌ಗಿಂತ ಕಡಿಮೆ ಬಂತು. ಸಾಲ ಹುಡುಕಿಕೊಡುವ ಬ್ರೋಕರ್ ನಮ್ಮನ್ನು ಒಂದು ಚಿಕ್ಕ ಬಿಲ್ಡಿಂಗ್ ಸೊಸೈಟಿಗೆ ಬದಲಾಯಿಸಿದರು, ಅದೂ ಬ್ಯಾಂಕಿನ ಹಾಗೆ ಮನೆ ಸಾಲ ಕೊಡುತ್ತದೆ. ಆಗ ತಿಳಿಯಿತು, ನಮ್ಮ ಲಾಯರ್ ಕಂಪನಿ ಆ ಸೊಸೈಟಿಯ ಪ್ಯಾನೆಲ್‌ನಲ್ಲೇ ಇಲ್ಲ.

ಪ್ಯಾನೆಲ್ ಅಂದರೆ ಸಾಲ ಕೊಡುವವರು ಇಟ್ಟುಕೊಂಡಿರುವ ಲಾಯರ್‌ಗಳ ಪಟ್ಟಿ. ಸಾಮಾನ್ಯವಾಗಿ ಒಬ್ಬರೇ ಲಾಯರ್ ನಮ್ಮ ಪರವಾಗಿಯೂ ಬ್ಯಾಂಕಿನ ಪರವಾಗಿಯೂ ಕೆಲಸ ಮಾಡುತ್ತಾರೆ. ಪಟ್ಟಿಯಲ್ಲಿ ಇಲ್ಲದವರಾದರೆ ಬ್ಯಾಂಕ್ ತನ್ನದೇ ಲಾಯರ್ ಇಡುತ್ತದೆ, ಬಿಲ್ ನಮ್ಮ ತಲೆಗೆ. ಇಲ್ಲವಾದರೆ ನಾವೇ ಲಾಯರ್ ಬದಲಾಯಿಸಬೇಕು. ನಾವು ಬದಲಾಯಿಸಿದೆವು. ಮಾಡಿಸಿದ್ದ ಸರ್ಚ್‌ಗಳನ್ನು ಅವರಿಂದ ಕೊಡಿಸಿಕೊಳ್ಳುವುದಕ್ಕೇ ಇನ್ನೆರಡು ವಾರ ಹಿಡಿಯಿತು.

ಎರಡನೆಯವರು ಒಂದು ಅಂಗಡಿಯ ಮೇಲಿನ ಮಹಡಿಯಲ್ಲಿದ್ದರು. ಲೈಸೆನ್ಸ್ಡ್ ಕನ್ವೇಯನ್ಸರ್, ಐವತ್ತು ದಾಟಿದ ಹೆಂಗಸು. ನಾನು ಫೀಸ್ ಕೇಳುವ ಮೊದಲೇ ಅವರೇ ಕೇಳಿದರು, "ಸಾಲ ಯಾರದು?" ಸೊಸೈಟಿ ಹೆಸರು ಹೇಳಿದೆ. ಕಂಪ್ಯೂಟರ್ ನೋಡಿ, "ಇದ್ದೇವೆ. ಮುಂದೆ ಹೇಳಿ" ಎಂದರು. ಅಲ್ಲೇ ನನಗೆ ಅರ್ಧ ನೆಮ್ಮದಿಯಾಯಿತು. ವ್ಯಾಟ್ ಸೇರಿ 1,380 ಪೌಂಡ್, ಮಧ್ಯೆ ಯಾವುದೂ ಹೆಚ್ಚಾಗುವುದಿಲ್ಲ ಅಂತ ಬರೆದು ಕೊಟ್ಟರು. ನನ್ನ ಫೈಲ್ ಯಾರು ನೋಡುತ್ತಾರೆ ಅಂದೆ. "ನಾನೇ. ನಾನಿಲ್ಲದಾಗ ಆ ಹುಡುಗಿ" ಅಂತ ಕಿಟಕಿ ಪಕ್ಕ ಕೂತವಳನ್ನು ತೋರಿಸಿದರು.

ಮುಂದಿನ ಪ್ರಶ್ನೆ, "ಇಂಡಿಯಾದಲ್ಲಿ ಮನೆ ಇದೆಯಾ?" ಇದಕ್ಕೂ ಅದಕ್ಕೂ ಏನು ಸಂಬಂಧ ಅಂದುಕೊಂಡೆ. ಸಂಬಂಧ ಇದೆ. ಮೊದಲ ಸಲ ಮನೆ ಕೊಳ್ಳುವವರಿಗೆ 3 ಲಕ್ಷ ಪೌಂಡ್‌ವರೆಗೆ ಸ್ಟ್ಯಾಂಪ್ ಡ್ಯೂಟಿ ಇಲ್ಲ, ಬೆಲೆ 5 ಲಕ್ಷ ದಾಟಿರಬಾರದು ಅಷ್ಟೆ. ಆದರೆ ಪ್ರಪಂಚದ ಯಾವ ಮೂಲೆಯಲ್ಲಾದರೂ ನಿಮ್ಮ ಹೆಸರಲ್ಲಿ ಮನೆ ಇದ್ದಿದ್ದರೆ ನೀವು ಮೊದಲ ಸಲದವರಲ್ಲ. ಈಗಲೂ ಇದ್ದರೆ ಮೇಲೆ ಇನ್ನೂ 5 ಪರ್ಸೆಂಟ್ ಬೀಳಬಹುದು. ಬೆಂಗಳೂರಲ್ಲಿ ಅಣ್ಣನ ಜೊತೆ ಜಂಟಿಯಾಗಿ ಫ್ಲಾಟ್ ಇಟ್ಟುಕೊಂಡವರು ಇದನ್ನು ಮೊದಲೇ ಹೇಳಿಬಿಡಿ. ನಮ್ಮ ಊರಿನ ಮನೆ ಇನ್ನೂ ಮಾವನವರ ಹೆಸರಲ್ಲಿದೆ, ಬಚಾವಾದೆವು. ಮೊದಲನೆಯ ಕಂಪನಿ ಈ ಪ್ರಶ್ನೆ ಕೇಳಿಯೇ ಇರಲಿಲ್ಲ.

ಇನ್ನು ಅಪ್ಪನ ದುಡ್ಡು. ತುಮಕೂರಲ್ಲಿ ಒಂದು ಸೈಟ್ ಮಾರಿ ಅಪ್ಪ ನಮ್ಮ ಡೆಪಾಸಿಟ್‌ಗೆ ಕಳಿಸಿದ್ದರು. ಇಲ್ಲಿ ಲಾಯರ್ ಆ ದುಡ್ಡಿನ ಮೂಲ ಹುಡುಕಲೇಬೇಕು, ಮನಿ ಲಾಂಡರಿಂಗ್ ಕಾನೂನು ಹಾಗಿದೆ. ಅಪ್ಪನ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು, ಸೈಟ್ ಮಾರಿದ ಕ್ರಯಪತ್ರ ಬೇಕು. ಕ್ರಯಪತ್ರ ಇರುವುದು ಕನ್ನಡದಲ್ಲಿ. "ಚೆಕ್ಕುಬಂದಿ", "ಸ್ವಯಾರ್ಜಿತ" ಅಂತೆಲ್ಲ ಇರುವ ಪತ್ರವನ್ನು ಇಂಗ್ಲಿಷ್‌ಗೆ ಮಾಡಿಸಿ, ಸರ್ಟಿಫೈ ಮಾಡಿಸಿ ಕೊಟ್ಟೆವು. ಅಪ್ಪನಿಗೆ ಸಿಟ್ಟು. "ಏನ್ ಪುಟ್ಟಿ, ನಾನೇನು ಕದ್ದು ತಂದಿದ್ದೀನಾ?"

ಆಮೇಲೆ ಗಿಫ್ಟ್ ಪತ್ರಕ್ಕೆ ಸಹಿ ಬೇಕಾಯಿತು. ಈ ದುಡ್ಡು ವಾಪಸ್ ಕೇಳುವುದಿಲ್ಲ, ಈ ಮನೆಯಲ್ಲಿ ನನಗೆ ಯಾವ ಹಕ್ಕೂ ಇಲ್ಲ ಅಂತ. ವಾಟ್ಸಾಪ್‌ನಲ್ಲಿ ಕಳಿಸಿದೆ. ನೀಲಿ ಟಿಕ್ ಬಂತು, ಒಂದು ಗಂಟೆ ಉತ್ತರ ಬರಲಿಲ್ಲ. ಕೊನೆಗೆ ಸಹಿ ಹಾಕಿದ ಫೋಟೋ ಬಂತು. ಕೆಳಗೆ, "ಬಂದರೆ ಒಂದು ರೂಮ್ ಇರುತ್ತೆ ಅಲ್ವಾ?"

ಇದನ್ನೆಲ್ಲ ಲಾಯರ್ ಸೊಸೈಟಿಗೂ ತಿಳಿಸಬೇಕು. ಮಾರುವವರು ಕೊನೆಯಲ್ಲಿ ಬೆಲೆ ಇಳಿಸಿದರೆ ಅದನ್ನೂ ತಿಳಿಸಬೇಕು. ಲಾಯರ್ ನಮ್ಮವರೇ, ಆದರೆ ಪೂರ್ತಿ ನಮ್ಮವರಲ್ಲ. ಇದು ಮೊದಲೇ ತಲೆಯಲ್ಲಿರಲಿ.

ಈಗ ಕ್ಯಾಮೆರಾ ಹಿಂದಿನ ಕೋಣೆ ಕಡೆ ತಿರುಗಿಸುತ್ತೇನೆ. ಈ ಗಾಜಿನ ಬಾಗಿಲಿಂದ ಆಚೆಗೆ ಇರುವುದೆಲ್ಲ ಆಮೇಲೆ ಕಟ್ಟಿದ್ದು. ನಿಯಮದ ಪ್ರಕಾರ ಕಟ್ಟಿದ್ದಾರೆ ಅನ್ನುವ ಬಿಲ್ಡಿಂಗ್ ರೆಗ್ಯುಲೇಷನ್ಸ್ ಸರ್ಟಿಫಿಕೇಟ್ ಇದಕ್ಕೆ ಇರಲಿಲ್ಲ. ಇವರು ಕೌನ್ಸಿಲ್‌ಗೆ ಫೋನ್ ಮಾಡಿ ಕೇಳಿಯೇ ಬಿಡೋಣ ಅಂತ ನಂಬರ್ ಒತ್ತುತ್ತಿದ್ದರು. ಅಷ್ಟರಲ್ಲಿ ಆ ಹೆಂಗಸಿನ ಮೇಲ್ ಬಂತು, "ಕೌನ್ಸಿಲನ್ನು ಸಂಪರ್ಕಿಸಬೇಡಿ." ಯಾಕೆಂದರೆ ಇಂಥದ್ದಕ್ಕೆ ಒಂದು ಇನ್ಶೂರೆನ್ಸ್ ಸಿಗುತ್ತದೆ, ಮಾರುವವರಿಂದಲೇ ಕೊಡಿಸಬಹುದು. ಆದರೆ ಕೌನ್ಸಿಲ್‌ಗೆ ಮೊದಲೇ ವಿಷಯ ಮುಟ್ಟಿಸಿದರೆ ಇನ್ಶೂರೆನ್ಸ್‌ನವರು ಕೊಡುವುದಿಲ್ಲ. ಕೌನ್ಸಿಲ್ ಕ್ರಮ ಕೈಗೊಂಡರೆ ಮಾತ್ರ ಆ ಪಾಲಿಸಿ ಉಪಯೋಗಕ್ಕೆ ಬರುತ್ತದೆ, ಗೋಡೆ ಬಿರುಕು ಬಿಟ್ಟರೆ ಅಲ್ಲ ಅಂತಲೂ ಬರೆದಿದ್ದರು. ಅದಕ್ಕೆ ಕಟ್ಟಡ ಪರೀಕ್ಷಿಸುವ ಸರ್ವೇಯರ್ ಹಿಡಿಯಿರಿ, ನಾನು ಮನೆ ನೋಡುವವಳಲ್ಲ, ಕಾಗದ ನೋಡುವವಳು ಎಂದರು. ಮನೆ ಕೊಡಿಸುವ ಲಾಯರ್ ಆ ಮನೆಗೆ ಕಾಲಿಡುವುದೇ ಇಲ್ಲ. ನನಗೆ ಈಗಲೂ ವಿಚಿತ್ರ ಅನ್ನಿಸುತ್ತದೆ.

ಮಾರ್ಟ್‌ಗೇಜ್ ಪತ್ರಕ್ಕೆ ಸಾಕ್ಷಿ ಬೇಕಿತ್ತು, ಮನೆಯವರು ಆಗುವುದಿಲ್ಲ. ಬಾಡಿಗೆ ಮನೆಯ ಪಕ್ಕದ ಅಜ್ಜಿ ಬಂದು ನಮ್ಮಿಬ್ಬರ ಸಹಿ ನೋಡಿ, ತಾವೂ ಸಹಿ ಹಾಕಿ, ಒಂದು ಲೋಟ ಟೀ ಕುಡಿದು ಹೋದರು.

ಎಕ್ಸ್‌ಚೇಂಜ್‌ಗೆ, ಅಂದರೆ ಎರಡೂ ಕಡೆಯವರು ಒಪ್ಪಂದಕ್ಕೆ ಕಟ್ಟುಬೀಳುವ ಹಂತಕ್ಕೆ, ಬೆಲೆಯ 10 ಪರ್ಸೆಂಟ್ ಕಳಿಸಬೇಕಾಯಿತು. ಅಲ್ಲಿವರೆಗೆ ಯಾರು ಬೇಕಾದರೂ ಕೈ ಎತ್ತಬಹುದು, ನಮ್ಮ ಕಡೆ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಂಡ ಹಾಗಲ್ಲ. ತಮ್ಮ ಬ್ಯಾಂಕ್ ಅಕೌಂಟ್ ನಂಬರನ್ನು ಲಾಯರ್ ಮೊದಲ ದಿನವೇ ಕಾಗದದಲ್ಲಿ ಕೊಟ್ಟಿದ್ದರು. ನಂಬರ್ ಬದಲಾಗಿದೆ ಅಂತ ಮೇಲ್ ಬಂದರೆ ನಂಬಬೇಡಿ, ಅದು ಕಳ್ಳರದು ಅಂತ ಹೇಳಿದ್ದರು. ಆದರೂ ಫೋನ್ ಮಾಡಿ ಒಂದೊಂದು ಅಂಕಿ ಓದಿಸಿಕೊಂಡೆ. ಮೊದಲು ಒಂದು ಪೌಂಡ್ ಕಳಿಸಿದೆ. ಬಂತು ಅಂದಮೇಲೆ ಮಿಕ್ಕಿದ್ದು.

ಕಂಪ್ಲೀಷನ್, ಅಂದರೆ ಪೂರ್ತಿ ದುಡ್ಡು ಕೊಟ್ಟು ಮನೆ ಕೈಗೆ ಬರುವ ದಿನ, ಮಧ್ಯಾಹ್ನದ ಹೊತ್ತಿಗೆ ಫೋನ್ ಬಂತು. ದುಡ್ಡು ತಲುಪಿದೆ, ಕೀ ಏಜೆಂಟ್ ಹತ್ತಿರ ಇದೆ, ಅಷ್ಟೇ. ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ.

"ರಿಜಿಸ್ಟ್ರೇಷನ್ ಯಾವತ್ತು?"

"ಅದನ್ನ ಲಾಯರ್ರೇ ಮಾಡಿಸ್ತಾರಪ್ಪ. ನಾವು ಹೋಗೋ ಹಾಗಿಲ್ಲ."

"ಹೆಬ್ಬೆಟ್ಟು, ಫೋಟೋ, ಏನೂ ಬೇಡ್ವಾ?"

ಕೆಲವು ವಾರ ಬಿಟ್ಟು ಲ್ಯಾಂಡ್ ರಿಜಿಸ್ಟ್ರಿಯ ಪಿಡಿಎಫ್ ಬಂತು. ನಮ್ಮಿಬ್ಬರ ಹೆಸರು, ಅದರ ಕೆಳಗೆ ಸೊಸೈಟಿಯ ಹೆಸರು. ಅಪ್ಪನಿಗೆ ಕಳಿಸಿದೆ. ಒರಿಜಿನಲ್ ಎಲ್ಲಿ ಅಂತ ಕೇಳಿದರು. ಇದೇ ಒರಿಜಿನಲ್, ಲೆಕ್ಕ ಎಲ್ಲ ಕಂಪ್ಯೂಟರಲ್ಲೇ ಇರುತ್ತೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಆಯ್ತು ಪುಟ್ಟಿ. ಅದನ್ನೇ ಪ್ರಿಂಟ್ ತೆಗೆಸಿ ಲ್ಯಾಮಿನೇಷನ್ ಮಾಡಿಸು. ಬೀರುವಲ್ಲಿ ಇಡು."

ಇದೇ ನೋಡಿ, ಫೈಲಿನ ಕೊನೆಯಲ್ಲಿ. ಮಾಡಿಸಿದ್ದೇನೆ.