ಇಲ್ಲೇ ಯಾಕೆ ಅಂತ ಹೇಳದ ಬೋರ್ಡು

ಎಲ್ಲರಿಗೂ ಶರಣು. ಮೊದಲು ಒಂದು ಪ್ರಶ್ನೆ. ಕಲಬುರಗಿಯಿಂದ ಸೇಡಂ ಬಸ್ಸು ಹತ್ತಿದರೆ ಮಳಖೇಡ ಬಂತು ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ? ಸಿಮೆಂಟ್ ಫ್ಯಾಕ್ಟರಿ ಕಂಡಾಗ, ಅಲ್ವಾ? ನನಗೂ ಹಾಗೇ. ಅದು ಮಾನ್ಯಖೇಟ. ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ಅರವತ್ತು ವರ್ಷಕ್ಕೂ ಜಾಸ್ತಿ ಆಳಿದ ಊರು, ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಲ್ಲಿ. 972ರಲ್ಲಿ ಮಾಳವದ ಪರಮಾರ ದೊರೆ ಸೀಯಕ ದಂಡು ಕಟ್ಟಿಕೊಂಡು ಬಂದು ಈ ಊರನ್ನು ಲೂಟಿ ಮಾಡಿದ. ಅಲ್ಲಿಂದಾಚೆ ರಾಷ್ಟ್ರಕೂಟರು ಮೇಲೇಳಲೇ ಇಲ್ಲ. ಇಷ್ಟು ದೊಡ್ಡ ಏಟು ಬಿದ್ದ ಜಾಗವನ್ನು ನಾವು ಲಾರಿ ಧೂಳಿಗೆ ಕಿಟಕಿ ಎಳೆದುಕೊಂಡು ದಾಟುತ್ತೇವೆ.

ಬೋರ್ಡೇ ಇಲ್ಲ ಅಂತಲ್ಲ. ಕೋಟೆ, ಗುಡಿ, ಮಸೀದಿ, ಗುಮ್ಮಟದ ಮುಂದೆ ನೀಲಿ ಬೋರ್ಡು ನೋಡಿರುತ್ತೀರಿ. ಅದರಲ್ಲಿ ಏನಿರುತ್ತದೆ? ಹಳೆಯ ಸ್ಮಾರಕಗಳನ್ನು ಕಾಯುವ 1958ರ ಕಾಯ್ದೆ, ಹಾಳು ಮಾಡಿದರೆ ಇಷ್ಟು ಜೈಲು, ಇಷ್ಟು ದಂಡ. 2010ರಲ್ಲಿ ತಿದ್ದುಪಡಿ ಆಗಿ ಶಿಕ್ಷೆ ಎರಡು ವರ್ಷದ ತನಕ, ದಂಡ ಒಂದು ಲಕ್ಷದ ತನಕ ಹೋಯಿತು. ಅದು ಬೇಕು, ಬೇಡ ಅನ್ನುವುದಿಲ್ಲ. ಆದರೆ ಮನೆಗೆ ಬಂದವರಿಗೆ ಚಹಾ ಕೊಡುವ ಮೊದಲೇ ಬೈದ ಹಾಗೆ. ಕಟ್ಟಿಸಿದವರು ಯಾರು, ಸತ್ತವರು ಯಾರು, ಇಲ್ಲೇ ಯಾಕೆ, ಒಂದು ಅಕ್ಷರ ಇಲ್ಲ.

ನಮ್ಮ ಹಿರಿಯರಿಗೆ ಈ ಕೆಲಸ ಚೆನ್ನಾಗಿ ಗೊತ್ತಿತ್ತು. ವೀರಗಲ್ಲು ಅಂದರೆ ಮತ್ತೇನು? ಊರ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಕಾದಾಡಿ ಒಬ್ಬ ಸತ್ತ. ಹಾಗೆ ದನ ಹೊಡೆದುಕೊಂಡು ಹೋಗುವುದಕ್ಕೆ ತುರುಗೊಳ್ ಅಂತ ಹೆಸರೇ ಇದೆ. ಅವನಿಗೊಂದು ಕಲ್ಲು. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುತ್ತಾರೆ, ಮೇಲೆ ಲಿಂಗದ ಮುಂದೆ ಕೂತಿದ್ದಾನೆ, ತುದಿಗೆ ಸೂರ್ಯ ಚಂದ್ರ. ಓದು ಬರದವನೂ ನಿಂತು ಅರ್ಧ ನಿಮಿಷದಲ್ಲಿ ಕಥೆ ತಿಳಿದುಕೊಳ್ಳುತ್ತಿದ್ದ. ರಾಜನಿಗೇ ಆಗಬೇಕು ಅಂತಿಲ್ಲ, ದನ ಕಾಯುವವನಿಗೂ ಆಗುತ್ತಿತ್ತು.

ನಮ್ಮೂರ ಹಾದಿಯಲ್ಲೂ ಒಂದಿತ್ತು. ಎಣ್ಣೆ ಹಾಕಿ ಹಾಕಿ ಕರ್ರಗಾಗಿತ್ತು. ನಾನು ಸಣ್ಣವನಿದ್ದಾಗ "ಆಯಿ, ಇದು ಯಾವ ದೇವರು?" ಅಂತ ಕೇಳಿದ್ದೆ. "ಗೊತ್ತಿಲ್ಲೋ ಯಪ್ಪಾ, ನಮ್ಮ ಮುತ್ಯಾನ ಕಾಲದಿಂದ ಅದ, ಕೈ ಮುಗಿ" ಅಂದಳು. ಆಮೇಲೆ ರಸ್ತೆ ಅಗಲ ಮಾಡುವಾಗ ಜೆಸಿಬಿಯವರು ಅದನ್ನು ಎತ್ತಿ ಇನ್ನೊಂದು ಓಣಿಯ ಗುಡಿ ಹಿಂದೆ ಇಟ್ಟರು. ಕಲ್ಲು ಉಳಿಯಿತು, ಸರಿ. ಆದರೆ ಅವನು ಸತ್ತ ಜಾಗ ಎಲ್ಲಿ ಅಂತ ಈಗ ಯಾರೂ ತೋರಿಸಲಾರರು. ಅದಕ್ಕೇ ನಾನು ಜಾಗದ ವಿಷಯಕ್ಕೆ ಇಷ್ಟು ಹಟ ಹಿಡಿಯುವುದು.

ಕಲ್ಲಿನ ಹಣೆಬರಹ ಹೇಗೇಗೋ ಇರುತ್ತದೆ ಬಿಡಿ. ಚಿತ್ತಾಪುರ ತಾಲ್ಲೂಕಿನ ಸನ್ನತಿ ಗೊತ್ತಲ್ಲ, ಚಂದ್ರಲಾಂಬೆಯ ಊರು. ಅಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿ ಒಡೆಯಿತು. ನೋಡಿದರೆ ಅದರ ಪೀಠವೇ ಅಶೋಕನ ಶಾಸನ! ಕಳಿಂಗ ಯುದ್ಧದ ಆಮೇಲೆ, ಸೋತ ಆ ನಾಡಿನಲ್ಲಿ ಅಶೋಕ ಬೇರೆಯಾಗಿ ಬರೆಸಿದ ಶಾಸನಗಳಲ್ಲಿ "ಎಲ್ಲ ಮನುಷ್ಯರೂ ನನ್ನ ಮಕ್ಕಳು" ಅನ್ನುವ ಮಾತು ಬರುತ್ತದೆ. ಅದೇ ಶಾಸನಗಳು ಇಲ್ಲಿ, ಭೀಮಾ ದಂಡೆಯ ಮೇಲೆ. ಗೆದ್ದವನು ನಿಲ್ಲಿಸಿದ ಬೋರ್ಡು, ಆದರೆ ಗೆದ್ದೆ ಅಂತ ಕೊಚ್ಚಿಕೊಳ್ಳುವುದಿಲ್ಲ.

ಈಗ ಯಾದಗಿರಿ ಕಡೆ ಬನ್ನಿ. ಸುರಪುರದ ಹತ್ತಿರ ವಾಗಣಗೇರಾ. 1705ರಲ್ಲಿ ಔರಂಗಜೇಬ್ ತಾನೇ ಮುಂದೆ ನಿಂತು ಮುತ್ತಿದ ಕೊನೆಯ ಕೋಟೆ ಇದು. ಎಂಬತ್ತು ದಾಟಿದ ಮುದುಕ, ದೆಹಲಿಯ ಬಾದಶಹ, ಒಂದು ಸಣ್ಣ ಬೇಡರ ಸಂಸ್ಥಾನದ ಮುಂದೆ ತಿಂಗಳುಗಟ್ಟಲೆ ಠಾಣ್ಯ ಹೂಡಿದ್ದ. ಕೊನೆಗೆ ಕೋಟೆ ಸಿಕ್ಕಿತು, ಅದರ ಒಡೆಯ ಪಿಡ್ಡನಾಯಕ ಸಿಗಲಿಲ್ಲ. ರಾತ್ರೋರಾತ್ರಿ ತಪ್ಪಿಸಿಕೊಂಡಿದ್ದ. ಎರಡು ವರ್ಷಕ್ಕೆ ಬಾದಶಹನೂ ಹೋದ. ಇಲ್ಲಿ ನಾನು ಬೋರ್ಡು ಬರೆಯುವುದಾದರೆ ಹೀಗೆ ಬರೆಯುತ್ತೇನೆ: "ನೀವು ನಿಂತಿರುವುದು ಬೇಡರ ಕೋಟೆಯ ಎದುರು. 1705ರಲ್ಲಿ ಔರಂಗಜೇಬನ ದಂಡು ಇದನ್ನು ಮುತ್ತಿತು. ಅವನು ಒಳಗೆ ಕಾಲಿಡುವಷ್ಟರಲ್ಲಿ ನಾಯಕ ಹೊರಟುಹೋಗಿದ್ದ." ಸಾಕು. ಬೈಕ್ ನಿಲ್ಲಿಸಿದವನು ಹೆಲ್ಮೆಟ್ ತೆಗೆಯದೆ ಓದಿ ಮುಗಿಸಬೇಕು.

ಸುರಪುರದಲ್ಲೇ ಇನ್ನೊಂದು. ರಾಜಾ ವೆಂಕಟಪ್ಪನಾಯಕ ಚಿಕ್ಕವನಿದ್ದಾಗ ಸಂಸ್ಥಾನ ನೋಡಿಕೊಂಡವನು ಮೆಡೋಸ್ ಟೇಲರ್ ಅನ್ನುವ ಬ್ರಿಟಿಷ್ ಅಧಿಕಾರಿ. ಹುಡುಗ ಅವನನ್ನು "ಅಪ್ಪಾ" ಅನ್ನುತ್ತಿದ್ದ. ಆ ಹುಡುಗನೇ 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದ. ಸೆರೆ ಸಿಕ್ಕ, ಅದೇ ವರ್ಷ ಗುಂಡಿಗೆ ಸತ್ತ. ಗುಡ್ಡದ ಮೇಲೆ ಟೇಲರನ ಬಂಗಲೆ, ಟೇಲರ್ ಮಂಜಿಲ್, ಇನ್ನೂ ಇದೆ. ಅದರ ಬೋರ್ಡಿನಲ್ಲಿ ಆ "ಅಪ್ಪಾ" ಅನ್ನುವ ಒಂದು ಪದ ಇರಬೇಕು ಅಂತ ನನ್ನ ಆಸೆ. "ಮಹಾನ್ ದೇಶಭಕ್ತ" ಅಂತ ಹತ್ತು ಸಾಲು ಬರೆದರೂ ಆ ಸಂಕಟ ಬರುವುದಿಲ್ಲ.

ಕಷ್ಟದ ಜಾಗ ಬೀದರ ಕಡೆ ಇದೆ. ಗೋರ್ಟಾದಲ್ಲಿ 1948ರಲ್ಲಿ, ಹೈದರಾಬಾದಿನ ನಿಜಾಮನ ಪರ ಹೊಡೆದಾಡುತ್ತಿದ್ದ ರಜಾಕಾರರು ಊರವರನ್ನು ಕೊಂದರು. ಅಲ್ಲಿ ಸ್ಮಾರಕ ಇದೆ, ಇರಲೇಬೇಕು. ಅದೇ ವರ್ಷ ಸೆಪ್ಟೆಂಬರ್ 17ಕ್ಕೆ ನಿಜಾಮ ಶರಣಾದ. ಅದರ ಬೆನ್ನಿಗೇ ಇದೇ ಬೀದರ, ಕಲಬುರಗಿ ಜಿಲ್ಲೆಗಳಲ್ಲಿ ಮುಸ್ಲಿಮರ ಕೊಲೆಗಳಾದವು. ಸರ್ಕಾರವೇ ಕಳಿಸಿದ ಸುಂದರಲಾಲ್ ಸಮಿತಿ ಅದನ್ನು ಬರೆದಿಟ್ಟಿತು. ಅವರಿಗೆ ಕಲ್ಲು ಯಾವುದು? ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ, ನನಗೆ ಗೊತ್ತು. ಒಂದು ಸಾವಿನ ಲೆಕ್ಕ ಬರೆದರೆ ಇನ್ನೊಂದು ಅಳಿಸಿಹೋಗುವುದಿಲ್ಲ ರೀ. ಎರಡೂ ನಮ್ಮ ಜಿಲ್ಲೆಯ ಜನವೇ.

ಇನ್ನು ಕೆಲಸದ ಮಾತು. ತಗಡಿನ ಬೋರ್ಡು ಬೇಡ. ನಮ್ಮ ಬಿಸಿಲಿಗೆ ಬಣ್ಣ ಸುಲಿಯುತ್ತದೆ, ಇಲ್ಲದಿದ್ದರೆ ಗುಜರಿಗೆ ಹೋಗುತ್ತದೆ. ಶಹಾಬಾದ ಫರ್ಸಿ ಕಲ್ಲು ಕೈಗೆ ಸಿಗುತ್ತದೆ, ದಪ್ಪನೆಯದು ಆರಿಸಿ ಕೆತ್ತಿಸಿದರೆ ಆಯಿತು. ಕನ್ನಡ ಮೇಲೆ, ಕೆಳಗೆ ಉರ್ದು. ಎತ್ತರ ಮಾತ್ರ ಎಂಟನೇ ಕ್ಲಾಸ್ ಹುಡುಗಿಯ ಕಣ್ಣಿಗೆ ಸರಿಯಾಗಿರಲಿ.

ರಜೆಗೆ ಊರಿಗೆ ಹೋದವರು ನಿಮ್ಮ ವೀರಗಲ್ಲಿನ ಫೋಟೊ ತೆಗೆದು ತನ್ನಿ, ಸುತ್ತಲ ಜಾಗವೂ ಕಾಣುವ ಹಾಗೆ. ಉಜ್ಜಬೇಡಿ, ಸುಣ್ಣ ಬಳಿಯಬೇಡಿ, ಸರಿಸಲಂತೂ ಬೇಡವೇ ಬೇಡ. ಮುಂದಿನ ಭಾನುವಾರ ವಾಗಣಗೇರಾಕ್ಕೆ ಹೋಗೋಣ. ಬರುವವರು ಬುತ್ತಿ ಕಟ್ಟಿಕೊಂಡು ಬನ್ನಿ, ನೀರು ಎರಡು ಬಾಟಲಿ. ಪ್ರಶ್ನೆ ಇದ್ದರೆ ಈಗಲೇ ಕೇಳಿಬಿಡಿ, ಚಹಾ ಬಂತು ಅಂದರೆ ಯಾರೂ ಕೂಡುವುದಿಲ್ಲ.